ಪರೋಟವೂ ಸರಿ, ಹಾಕಿಯೂ ಸರಿ, ಎರಡೂ ಸೇರಿದರೆ?

ನಿನ್ನೆ ವೈವಾದಲ್ಲಿ (ಮೌಖಿಕ ಪರೀಕ್ಷೆ) ಇಲ್ಲೇ ಎಡವಿದೆ: ಆಹಾರ, ವ್ಯಾಯಾಮ ಎರಡೂ ಸೇರಿದಾಗ ಮಾತ್ರ ಬರುವ ತೀವ್ರ ಅಲರ್ಜಿ, ಅಂದರೆ ಅನಾಫಿಲ್ಯಾಕ್ಸಿಸ್. ಬಿಸಿ ಆರುವ ಮುಂಚೆ ಬರೆದಿಡುತ್ತಿದ್ದೇನೆ.

ಪಿತ್ತಗಂಧೆ ಎಲ್ಲರಿಗೂ ಗೊತ್ತಿರುವುದೇ. ಚರ್ಮದಲ್ಲಿರುವ ಮಾಸ್ಟ್ ಎಂಬ ರಕ್ಷಣಾ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕ ಬಿಡುತ್ತವೆ, ಚರ್ಮ ಉಬ್ಬಿ ತುರಿಸುತ್ತದೆ. ಒಂದೊಂದು ಗಂಧೆ ಸಾಮಾನ್ಯವಾಗಿ 24 ಗಂಟೆಯೊಳಗೆ ಕಲೆ ಉಳಿಸದೆ ಹೋಗುತ್ತದೆ. ಆರು ವಾರ ದಾಟಿಯೂ ಬರುತ್ತಿದ್ದರೆ ಕ್ರಾನಿಕ್, ಅಂದರೆ ದೀರ್ಘಕಾಲದ್ದು. ಅದಕ್ಕೆ ಆಹಾರ ಕಾರಣವಾಗುವುದು ಅಪರೂಪ, ಸುಮ್ನೆ ಬದನೆಕಾಯಿ, ಮೀನು ಬಿಡಿಸಬೇಡಿ.

ಈಗ ಮೇಡಂ ಕೊಟ್ಟ ಕೇಸು, ನಮ್ಮೂರಿಗೆ ಒಗ್ಗಿಸಿ ಹೇಳುತ್ತೇನೆ. ಕೊಡಗಿನ ಪೊನ್ನಂಪೇಟೆ ಕಡೆಯ 19 ವರ್ಷದ ಹುಡುಗ. ಬೆಳಿಗ್ಗೆ ಮನೆಯಲ್ಲಿ ಕಡಂಬುಟ್ಟು, ನೂಪುಟ್ಟು, ಇಲ್ಲವೇ ಅಕ್ಕಿ ಒಟ್ಟಿ, ಎಲ್ಲವೂ ಅಕ್ಕಿಯ ತಿಂಡಿಗಳೇ. ತಿಂದ ಮೇಲೆ ಹಾಕಿ ಪ್ರಾಕ್ಟೀಸಿಗೆ ಹೋಗುತ್ತಾನೆ, ಏನೂ ಆಗುವುದಿಲ್ಲ. ಕೆಲವು ರಾತ್ರಿ ಪರೋಟ ತಿಂದು ಮಲಗುತ್ತಾನೆ, ಆಗಲೂ ಏನೂ ಇಲ್ಲ. ಟೂರ್ನಿಯ ದಿನ ಹೋಟೆಲಲ್ಲಿ ಎರಡು ಪರೋಟ ತಿಂದ. ಒಂದೂವರೆ ಗಂಟೆ ಬಿಟ್ಟು ಮ್ಯಾಚ್. ಇಪ್ಪತ್ತು ನಿಮಿಷ ಆಡುವಷ್ಟರಲ್ಲಿ ಅಂಗೈ ತುರಿಕೆ, ಮೈಯೆಲ್ಲ ಗಂಧೆ, ತುಟಿ ಊತ. ತಲೆ ಸುತ್ತಿ ಬಿದ್ದ.

‘ಆಹಾರ ಅಲ್ಲ ಮೇಡಂ, ಪರೋಟ ಮೊದಲೂ ತಿಂದಿದ್ದಾನಲ್ಲ’ ಅಂದೆ. ‘ಹಾಗಾದ್ರೆ ಅವನಿಗೆ ಹಾಕಿ ಸ್ಟಿಕ್ಕಿನ ಅಲರ್ಜಿಯಾ?’ ಅಂದರು.

ನನ್ನ ತಲೆಗೆ ಹೋಗದಿದ್ದದ್ದು ಇದೇ. ಅಲರ್ಜಿ ಅಂದರೆ ತಿಂದಾಗಲೆಲ್ಲ ಆಗಬೇಕು ಅಂದುಕೊಂಡಿದ್ದೆ. ಇದು ಹಾಗಲ್ಲ. ಬ್ಯಾಂಕ್ ಲಾಕರ್ ನೆನಪಿಸಿಕೊಳ್ಳಿ: ಗ್ರಾಹಕರ ಕೀ ಒಂದು, ಬ್ಯಾಂಕಿನವರ ಕೀ ಒಂದು. ಒಂದರಿಂದ ತೆರೆಯುವುದಿಲ್ಲ. ಇಲ್ಲಿ ಗೋಧಿ ಒಂದು ಕೀ, ಓಟ ಇನ್ನೊಂದು. ಮೈದಾ ಅಂದರೂ ಗೋಧಿಯೇ, ನಾನು ಅದನ್ನೂ ಮರೆತಿದ್ದೆ. ಹುಡುಗನ ರಕ್ತದಲ್ಲಿ ಗೋಧಿಯ ಒಮೆಗಾ-5 ಗ್ಲಿಯಾಡಿನ್ ಎಂಬ ಪ್ರೋಟೀನ್ ವಿರುದ್ಧ ಐಜಿಇ (ಅಲರ್ಜಿ ತರುವ ಪ್ರತಿಕಾಯ) ಮೊದಲೇ ಇದೆ, ಆದರೆ ಸುಮ್ಮನೆ ಕೂತಿರುವಾಗ ಪ್ರತಿಕ್ರಿಯೆ ಗೆರೆ ದಾಟುವುದಿಲ್ಲ. ಓಡುವಾಗ ಕರುಳಿನ ಗೋಡೆ ಸಡಿಲವಾಗಿ ಜಾಸ್ತಿ ಗೋಧಿ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ, ಹಾಗಾಗಿ ಗೆರೆ ದಾಟುತ್ತದೆ ಅನ್ನುವುದು ಹೆಚ್ಚು ಒಪ್ಪಿರುವ ವಿವರಣೆ. ಅಂದಮೇಲೆ ‘ಮೊನ್ನೆ ತಿಂದಾಗ ಏನೂ ಆಗಲಿಲ್ಲ’ ಅನ್ನುವ ಮಾತಿನಿಂದ ಗೋಧಿಯನ್ನು ಬಿಟ್ಟುಬಿಡಲು ಆಗುವುದಿಲ್ಲ. ಮೊನ್ನೆ ತಿಂದು ಏನು ಮಾಡಿದ ಅಂತ ಕೇಳಬೇಕು.

ಎಷ್ಟು ಹೊತ್ತಿನ ಹಿಂದಿನ ಊಟ? ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗಿನದು. ಹಾಕಿಯೇ ಆಗಬೇಕಿಲ್ಲ, ತಿಂಡಿ ತಿಂದು ತೋಟದ ಏರು ಹತ್ತಿದರೂ ಸಾಕು. ಗೋಧಿಯೂ ಒಂದೇ ಅಲ್ಲ. 1979ರ ಮೊದಲ ವರದಿ ಚಿಪ್ಪುಜೀವಿ ತಿಂದು ಓಡಿದವರದು. ಏಡಿ, ಸಿಗಡಿ ಎರಡೂ ಪಟ್ಟಿಯಲ್ಲಿವೆ. ಮಳೆಗಾಲದಲ್ಲಿ ಗದ್ದೆ ಏಡಿಗೆ ಕಾಯುವ ನಮ್ಮವರನ್ನು ಈ ಪ್ರಶ್ನೆ ಕೇಳದೆ ಬಿಡಬೇಡಿ.

ಮೂರನೇ ಕೀಯೂ ಇರಬಹುದು: ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಮದ್ಯ, ಜ್ವರ, ಮುಟ್ಟಿನ ದಿನಗಳು. ಹುಡುಗ ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗಿದ್ದ ಅಂತ ಮೇಡಂ ಆಮೇಲೆ ಹೇಳಿದರು. ನಾನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರಂತೆ!

ಬೆವರಿನ ಗಂಧೆ, ಅಂದರೆ ಕೋಲಿನರ್ಜಿಕ್, ಬೇರೆಯದು. ಗುಂಡುಸೂಜಿ ತಲೆಯಷ್ಟು ಸಣ್ಣ ಸಣ್ಣ ಗಂಧೆ. ಬಿಸಿನೀರಿನ ಸ್ನಾನಕ್ಕೂ ಏಳುತ್ತದೆ, ಊಟ ಬೇಕಿಲ್ಲ. ನಮ್ಮ ಹುಡುಗನಿಗೆ ಹಂಡೆ ನೀರಿನಿಂದ ಎಂದೂ ಏನೂ ಆಗಿಲ್ಲ.

ಚಿಕಿತ್ಸೆ ಚಿಕ್ಕದು. ಮೊದಲ ತುರಿಕೆಗೇ ಆಟ ನಿಲ್ಲಿಸಬೇಕು. ತಲೆ ಸುತ್ತಿದರೆ ಮಲಗಿಸಿ ಕಾಲು ಎತ್ತಿ ಇಡಬೇಕು, ಎಬ್ಬಿಸಿ ನಡೆಸಬಾರದು. ಉಸಿರಿಗೆ ಕಷ್ಟವಿದ್ದರೆ ಕೂರಿಸಬಹುದು. ಅಡ್ರಿನಲಿನ್ ಇಂಜೆಕ್ಷನ್ ತೊಡೆಯ ಹೊರಭಾಗದ ಸ್ನಾಯುವಿಗೆ, ಕಿಲೋಗೆ 0.01 ಮಿಲಿಗ್ರಾಂ, ದೊಡ್ಡವರಿಗೆ ಗರಿಷ್ಠ 0.5. ಸೆಟ್ರಿಜಿನ್ ಎಂಬ ಅಲರ್ಜಿ ಮಾತ್ರೆ ತುರಿಕೆಗೆ ಮಾತ್ರ, ಅದು ಅಡ್ರಿನಲಿನ್ ಬದಲಿಗಲ್ಲ. ಮುಂದೆ ಆಟದ ಮುಂಚಿನ ನಾಲ್ಕು ಗಂಟೆ ಗೋಧಿ ಬೇಡ, ಒಬ್ಬನೇ ಓಡುವುದೂ ಬೇಡ. ಮ್ಯಾಚ್ ದಿನವೂ ಅವನಿಗೆ ಅವ್ವ ಮಾಡಿದ ನೂಪುಟ್ಟೇ.