ಯಾವ ಅಂಬಾಸಿಡರ್, ಸ್ವಾಮಿ?

ಅಂಬಾಸಿಡರ್ ಇಟ್ಟುಕೊಂಡವರು ಫೋನ್ ತೋರಿಸುತ್ತಲೇ ಗ್ಯಾರೇಜಿನೊಳಗೆ ಬರುತ್ತಾರೆ. "ನೋಡಿ ಸಾರ್, ಅಂಬಾಸಿಡರ್‌ಗೆ 75 ಎಚ್‌ಪಿ, ಪದ್ಮಿನಿಗೆ 40. ಮತ್ಯಾಕೆ ನನ್ನ ಗಾಡಿ ಫಿಯಟ್ ಹಿಂದೆ ಬೀಳುತ್ತೆ?" ಪದ್ಮಿನಿ ಮೊದಲು ಫಿಯಟ್ ಹೆಸರಲ್ಲೇ ಬರುತ್ತಿದ್ದ ಕಾರು; ಹಾಗಾಗಿ ಪದ್ಮಿನಿ ಅಂತ ಓದಿದರೂ ಬಾಯಲ್ಲಿ ಬರುವುದು ಫಿಯಟ್ಟೇ. ಅದಿರಲಿ. ನಾನು ಕೇಳುವುದು ಒಂದೇ: ಯಾವ ಅಂಬಾಸಿಡರ್?

ಗಾಡಿ 1978ರದ್ದು. ಫೋನಿನಲ್ಲಿರುವುದು 90ರ ದಶಕದಲ್ಲಿ ಬಂದ ಇಸುಜು ಇಂಜಿನ್ನಿನ ಅಂಕಿ. ಅದು 1817 ಸಿಸಿ, ಐದು ಗೇರು, ಗೇರ್ ರಾಡ್ ನೆಲದಲ್ಲಿ. ನಿಮ್ಮದು 1489 ಸಿಸಿ, ನಾಲ್ಕು ಗೇರು, ರಾಡ್ ಸ್ಟೀರಿಂಗ್ ಪಕ್ಕ. ಹೊಸದಿದ್ದಾಗಲೇ ಅದರ ಶಕ್ತಿ 50ರ ಆಸುಪಾಸು. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ 2014ರವರೆಗೂ ಹೆಚ್ಚುಕಮ್ಮಿ ಅದೇ ಮೈಯಲ್ಲಿ ತಯಾರಾಯಿತು ನೋಡಿ, ಅದಕ್ಕೇ ಈ ಗೊಂದಲ.

ಈಗ ಲೆಕ್ಕ ಹಾಕಿ. ಅಂಬಾಸಿಡರ್ ತೂಕ ಸುಮಾರು 1100 ಕಿಲೋ. 1089 ಸಿಸಿಯ ಪದ್ಮಿನಿ ಸುಮಾರು 900. ಒಂದು ಟನ್ನಿಗೆ ನಿಮ್ಮ ಅಂಬಾಸಿಡರ್‌ಗೆ 45 ಎಚ್‌ಪಿ, ಪದ್ಮಿನಿಗೆ 44. ಎಲ್ಲಿದೆ ವ್ಯತ್ಯಾಸ? ನಾಲ್ಕು ಜನ ಹತ್ತಿದರೆ ಅಂಬಾಸಿಡರ್ ಒಂದು ಕೈ ಮೇಲೆ, ಅಷ್ಟೇ.

ಇನ್ನೊಂದು ಮಾತು. ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಹಳೆಯ ಕಾಗದಗಳಲ್ಲಿ ಎಷ್ಟೋ ಸಲ ಇರುವುದು ಫ್ಯಾನ್, ಏರ್ ಫಿಲ್ಟರ್, ಸೈಲೆನ್ಸರ್ ಯಾವುದೂ ಇಲ್ಲದೆ, ಬರೀ ಇಂಜಿನ್ ಓಡಿಸಿ ಅಳೆದ ಅಂಕಿ. ಅದು ಚಕ್ರಕ್ಕೆ ಮುಟ್ಟುವ ಶಕ್ತಿಯಲ್ಲ. ಅದೂ ಹೊಸ ಇಂಜಿನ್ನಿನದ್ದು. ನಿಮ್ಮ ಇಂಜಿನ್ ನಲವತ್ತು ವರ್ಷ ದುಡಿದಿದೆ, ಅಲ್ವಾ? ಅದರ ಸ್ಥಿತಿ ಗೊತ್ತಾಗಬೇಕಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಬೇಕು. ಇಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ತೋರಿಸಬೇಕು. ಒಂದರ ಒತ್ತಡ ಬಿದ್ದಿದ್ದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಹೆಚ್ಚಾಗಿ ಪಿಸ್ಟನ್ ರಿಂಗ್ ಸವೆದಿರುತ್ತೆ. ಏರದಿದ್ದರೆ ವಾಲ್ವ್ ಮೇಲೆ ಅನುಮಾನ. ಗಾಡಿ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಅಣ್ಣತಮ್ಮಂದಿರಿಬ್ಬರು ಚಾಮುಂಡಿ ಬೆಟ್ಟಕ್ಕೆ ಪಂದ್ಯ ಕಟ್ಟಿ ಬಂದಿದ್ದರು. ಅಣ್ಣನದು ಅಂಬಾಸಿಡರ್, ತಮ್ಮನದು ಪದ್ಮಿನಿ. ಸೋತ ಅಣ್ಣ ಎರಡು ದಿನ ಊಟ ಬಿಟ್ಟವರ ಹಾಗೆ ಇದ್ದರು. ಬಂದವರೇ, ಇಂಜಿನ್ನೇ ಬದಲಾಯಿಸಿ ಅಂದರು. ಸುಮ್ನೆ ಕೂತ್ಕೊಳ್ಳಿ ಅಂತ ಟೀ ತರಿಸಿ ಗೇಜ್ ಹಾಕಿದೆ. ಮೂರನೇ ಸಿಲಿಂಡರ್ ಬಿದ್ದಿತ್ತು. ಆಯಿಲ್ ಬಿಟ್ಟರೂ ಮುಳ್ಳು ಅಲ್ಲಾಡಲಿಲ್ಲ. ಹೆಡ್ ಬಿಚ್ಚಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟು ಅಂಚು ಹಾರಿತ್ತು. ಸಾವಿರ ಕಿಲೋ ಮೀರಿದ ಗಾಡಿಯನ್ನು ಪಾಪ ಮೂರೇ ಸಿಲಿಂಡರ್ ಎಳೆದಿದ್ದವು.

ವಾಲ್ವ್ ಹಾಕಿ ಕಳಿಸಿದೆ. ಮುಂದಿನ ವಾರ ತಮ್ಮ ಬಂದ, ಫೋನ್ ಹಿಡಿದುಕೊಂಡು.