ಪದ ಪರಿಚಯ: ಟಪ್ ಅನ್ನದ ಬೈಪಾಸ್

ದಾವಣಗೆರೆಯವರಿಗೆ ಬೈಪಾಸ್ ಅಂದರೆ ಏನು ಅಂತ ಹೊಸದಾಗಿ ಹೇಳಬೇಕಿಲ್ಲ. ‘ಊರೊಳಗೆ ಹೋಗಲ್ಲ, ಬೈಪಾಸಲ್ಲೇ ಇಳ್ಕೊಳ್ಳಿ’ ಅಂತ ಕಂಡಕ್ಟರ್ ಹೇಳಿದಾಗಲೇ ಅರ್ಥ ಆಗಿರುತ್ತದೆ. ಗಿಟಾರ್ ಪೆಡಲ್‌ನಲ್ಲೂ (ಗಿಟಾರಿನ ದನಿ ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಅದೇ ಕತೆ. ಕಾಲಲ್ಲಿ ಸ್ವಿಚ್ ಒತ್ತಿದರೆ ಗಿಟಾರಿನ ಸಿಗ್ನಲ್ ಒಳಗಿನ ಸರ್ಕ್ಯೂಟಿಗೆ ಹೋಗದೆ ಹೊರಗಿನಿಂದಲೇ ಆಂಪ್ಲಿಫೈಯರ್ ಸೇರುತ್ತದೆ. ಸಿಗ್ನಲ್ ದಾರಿಯಿಂದ ಸರ್ಕ್ಯೂಟಿನ ಎರಡೂ ತುದಿಗಳನ್ನು ಪೂರ್ತಿ ಬಿಡಿಸಿದರೆ ಅದು ಟ್ರೂ ಬೈಪಾಸ್. ಒಂಬತ್ತು ಕಾಲಿನ ತ್ರೀಪಿಡಿಟಿ ಸ್ವಿಚ್ (ಒಂದೇ ಒತ್ತಿಗೆ ಮೂರು ದಾರಿ ಒಟ್ಟಿಗೆ ಬದಲಿಸುವಂಥದ್ದು) ಇದ್ದರೆ ಸಾಕು.

ತೊಂದರೆ ಇರುವುದು ಒತ್ತಿದಾಗ ಬರುವ ಸದ್ದಿನಲ್ಲಿ. ನಾನು ಮಾಡಿಕೊಟ್ಟ ಮೊದಲ ಡಿಸ್ಟಾರ್ಶನ್ ಪೆಡಲ್ ಗಣಪತಿ ಪೆಂಡಾಲಿನಲ್ಲಿ ಮಾನ ಕಳೆಯಿತು. ಸೋಲೋಗೆ ಮುಂಚೆ ಸ್ಪೀಕರ್‌ನಲ್ಲಿ ಟಪ್! ಮುಂದಿನ ಸಾಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರ ಕೈ ಅಲ್ಲೇ ನಿಂತಿತು. ಸ್ವಿಚ್ಚೇ ಕಳಪೆ ಅಂದುಕೊಂಡು ಎರಡು ಸಲ ಬದಲಾಯಿಸಿದೆ. ಸುಮ್ನೆ ದುಡ್ಡು ದಂಡ.

ಕಳ್ಳ ಇದ್ದದ್ದು ಇನ್‌ಪುಟ್ ಕೆಪಾಸಿಟರ್‌ನಲ್ಲಿ. ಸಿಗ್ನಲ್ ಬಿಟ್ಟು ಡಿಸಿ, ಅಂದರೆ ಏರಿಳಿಯದ ವೋಲ್ಟೇಜ್, ತಡೆಯುವುದು ಅದರ ಕೆಲಸ. ಆದರೆ ಎಂಥ ಕೆಪಾಸಿಟರ್ ಆದರೂ ಚೂರು ಸೋರುತ್ತದೆ. ಬೈಪಾಸ್‌ನಲ್ಲಿದ್ದಾಗ ಅದರ ಹೊರತುದಿ ಎಲ್ಲಿಗೂ ಸೇರದೆ ನೇತಾಡುತ್ತಿರುತ್ತದೆ. ಸೋರಿದ ವೋಲ್ಟೇಜ್ ಅಲ್ಲೇ ನಿಧಾನಕ್ಕೆ ಏರುತ್ತದೆ. ಸ್ವಿಚ್ ಒತ್ತಿದ ಕ್ಷಣ ಅಷ್ಟೂ ಒಟ್ಟಿಗೆ ಇಳಿಯುತ್ತದೆ. ಆ ಜಿಗಿತವೇ ಟಪ್. ಮಲ್ಟಿಮೀಟರ್ ಇಟ್ಟು ನೋಡಿದರೆ ಏನೂ ಕಾಣಲಿಲ್ಲ. ಇದ್ದ ಚೂರುಪಾರನ್ನು ಮೀಟರೇ ಕುಡಿದುಬಿಟ್ಟಿತ್ತು! ಅದಕ್ಕಿಂತ ಸ್ವಿಚ್ಚನ್ನು ಪಟಪಟ ನಾಲ್ಕೈದು ಸಲ ಒತ್ತಿ ನೋಡಿ. ಮೊದಲ ಸದ್ದು ಜೋರಾಗಿದ್ದು ಆಮೇಲೆ ಕುಗ್ಗಿದರೆ ಇದೇ ಕಾಯಿಲೆ.

ಮದ್ದು ಅಗ್ಗದ್ದು. ಆ ತುದಿಯಿಂದ ಗ್ರೌಂಡ್‌ಗೆ ಹೆಚ್ಚು ಓಮ್‌ನ ಒಂದು ರೆಸಿಸ್ಟರ್ ಬೆಸೆದರೆ ಸೋರಿದ್ದು ಆಗಾಗಲೇ ಹರಿದು ಹೋಗುತ್ತದೆ. ಇದು ಪುಲ್‌ಡೌನ್ ರೆಸಿಸ್ಟರ್. 1 ಮೆಗಾ ಓಮ್ ಹಾಕುವವರು ಜಾಸ್ತಿ. ನಾನು 2.2 ಹಾಕುತ್ತೇನೆ, ಪಿಕಪ್‌ಗೆ (ತಂತಿಯ ಅಲುಗಾಟವನ್ನು ಸಿಗ್ನಲ್ ಮಾಡುವ ಗಿಟಾರಿನ ಭಾಗ) ಹೊರೆ ಕಡಿಮೆ. ಔಟ್‌ಪುಟ್ ಕಡೆಗೂ ಒಂದು ಇರಲಿ.

ಇಷ್ಟಾದರೂ ಸದ್ದು ಬಂದರೆ ಪೆಡಲ್ ಆನ್ ಆಗಿದೆ ಅಂತ ತೋರಿಸುವ ಎಲ್‌ಇಡಿ ಮೇಲೆ ಅನುಮಾನ ಪಡಿ. ಅದು ಥಟ್ಟನೆ ಕರೆಂಟ್ ಎಳೆದಾಗ ಸಪ್ಲೈ ಅಲುಗುತ್ತದೆ. ಸಿಗ್ನಲ್ಲನ್ನು ತುಂಬಾ ಹಿಗ್ಗಿಸುವ ಹೈ ಗೇನ್ ಪೆಡಲ್ ಆದರೆ ಬೈಪಾಸ್‌ನಲ್ಲಿದ್ದಾಗ ಸರ್ಕ್ಯೂಟಿನ ಇನ್‌ಪುಟ್ಟನ್ನು ಗ್ರೌಂಡ್‌ಗೆ ಕಟ್ಟಿಹಾಕಿ.

ಬಾಸ್ (Boss) ಕಂಪನಿಯ ಪೆಡಲ್‌ಗಳದ್ದು ಸಾಮಾನ್ಯವಾಗಿ ಬೇರೆಯೇ ದಾರಿ. ಅಲ್ಲಿ ಸಿಗ್ನಲ್ ಕಾಲಿನ ಸ್ವಿಚ್ ಮೂಲಕ ಹೋಗುವುದೇ ಇಲ್ಲ. ಸ್ವಿಚ್ ಬರೀ ಒಂದು ಫ್ಲಿಪ್‌ಫ್ಲಾಪ್‌ಗೆ (ಆನ್, ಆಫ್ ನೆನಪಿಡುವ ಸರ್ಕ್ಯೂಟ್) ಸನ್ನೆ ಕೊಡುತ್ತದೆ. ದಾರಿ ಬದಲಿಸುವುದು ಜೆಫೆಟ್ ಅನ್ನುವ ಟ್ರಾನ್ಸಿಸ್ಟರ್. ಅದನ್ನು ಆನ್, ಆಫ್ ಮಾಡುವ ಗೇಟ್ ವೋಲ್ಟೇಜನ್ನು ರೆಸಿಸ್ಟರ್, ಕೆಪಾಸಿಟರ್ ಸೇರಿ ನಿಧಾನಕ್ಕೆ ಏರಿಸಿ ಇಳಿಸುತ್ತವೆ. ಜಿಗಿತವಿಲ್ಲ, ಇಳಿಜಾರು. ಆದರೆ ಬೈಪಾಸ್‌ನಲ್ಲೂ ಸಿಗ್ನಲ್ ಬಫರ್ (ಸಿಗ್ನಲ್ಲಿಗೆ ಬಲ ಕೊಡುವ ಸಣ್ಣ ಸರ್ಕ್ಯೂಟ್) ದಾಟಿಯೇ ಹೋಗಬೇಕು. ಅದು ಟ್ರೂ ಬೈಪಾಸ್ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಉದ್ದನೆ ಕೇಬಲ್ ಇದ್ದಾಗ ಬಫರ್ರೇ ವಾಸಿ, ಅಲ್ವಾ?

ಟ್ರೂ ಬೈಪಾಸೂ ಬೇಕು, ಟಪ್ಪೂ ಬರಬಾರದು ಅನ್ನುವವರಿಗೆ ರಿಲೇ, ಅಂದರೆ ಕರೆಂಟಿನಿಂದ ಓಡುವ ಸ್ವಿಚ್, ಇದೆ. ರಿಲೇ ಆಚೀಚೆ ಆಗುವ ಆ ಕೆಲವು ಮಿಲಿಸೆಕೆಂಡು ಒಂದು ಆಪ್ಟೋಕಪ್ಲರ್ (ಬೆಳಕಿನಿಂದ ಕೆಲಸ ಮಾಡುವ ಸ್ವಿಚ್) ಸಿಗ್ನಲ್ಲಿನ ಬಾಯಿ ಮುಚ್ಚಿಸುತ್ತದೆ. ನಮ್ಮ ಗಿಟಾರಿಸ್ಟಿಗೆ ಈಗ ಇದನ್ನೇ ಹಾಕಿಕೊಟ್ಟಿದ್ದೇನೆ. ಸದ್ದೇ ಬರಲಿಲ್ಲ ಅಂತ ಅವನು ಎರಡೆರಡು ಸಲ ಒತ್ತುತ್ತಾನೆ.