ಮಾತ್ರೆಯ ಫಲ ಕಾಣುವುದು ಮನೆಗೆ ಬಂದ ಮೇಲೆ

ಹುಬ್ಬಳ್ಳಿಯಲ್ಲೋ ಮಣಿಪಾಲದಲ್ಲೋ ಹೃದಯದ ಕವಾಟ ಬದಲಿಸಿಕೊಂಡು ಶಿರಸಿ, ಕಾರವಾರಗಳಿಗೆ ಮರಳುವವರ ಡಿಸ್ಚಾರ್ಜ್ ಚೀಟಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಮಾತ್ರೆ ಇರುತ್ತದೆ. ಲೋಹದ ಕವಾಟವಾದರೆ ಈ ಮಾತ್ರೆ ಜೀವನಪರ್ಯಂತ ಬೇಕು. ಇದನ್ನು ತಿಂದರೆ ರಕ್ತ ನೀರಾಗುತ್ತದೆ ಎಂದು ಹೆದರಿ ನಿಲ್ಲಿಸುವವರಿದ್ದಾರೆ. ರಕ್ತ ಎಷ್ಟು ಗಟ್ಟಿಯಿತ್ತೋ ಅಷ್ಟೇ ಗಟ್ಟಿಯಾಗಿರುತ್ತದೆ. ಹೆಪ್ಪುಗಟ್ಟುವುದು ಮಾತ್ರ ತಡವಾಗುತ್ತದೆ.

ವಾರ್ಫರಿನ್ ಕತೆ ಶುರುವಾದದ್ದು ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಬಯಲುಗಳಲ್ಲಿ ಕೆಟ್ಟುಹೋದ ಸಿಹಿ ಕ್ಲೋವರ್ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. 1933ರಲ್ಲಿ ರೈತನೊಬ್ಬ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಸಿ ವಿಸ್ಕಾನ್ಸಿನ್‌ನ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಬಳಿಗೆ ಒಯ್ದ. ಅಲ್ಲಿಂದ ಹೊರಟ ಶೋಧ 1948ರಲ್ಲಿ ಇಲಿ ಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧವಾಗಿ ಬಂದಿತು.

ಹೆಪ್ಪುಗಟ್ಟಿಸುವ ಕೆಲವು ಪ್ರೋಟೀನ್‌ಗಳನ್ನು ಯಕೃತ್ತು ತಯಾರಿಸುವಾಗ ಕೊನೆಯ ಹಂತದಲ್ಲಿ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ನನ್ನು ಮರಳಿ ಸಜ್ಜುಗೊಳಿಸುವ ಕಿಣ್ವವನ್ನು ವಾರ್ಫರಿನ್ ತಡೆಯುತ್ತದೆ. ಆದರೆ ರಕ್ತದಲ್ಲಿ ಈಗಾಗಲೇ ಓಡಾಡುತ್ತಿರುವ ಪ್ರೋಟೀನ್‌ಗಳನ್ನು ಅದು ಮುಟ್ಟುವುದಿಲ್ಲ. ಗುಡ್ಡದಿಂದ ಹರಿದು ಬರುವ ಅಬ್ಬಿ ನೀರನ್ನು ಮೇಲೆಯೇ ತಿರುಗಿಸಿಬಿಟ್ಟರೂ ತೊಟ್ಟಿಯಲ್ಲಿದ್ದದ್ದು ಮುಗಿಯುವವರೆಗೆ ಮನೆಗೆ ನೀರು ಬರುತ್ತಲೇ ಇರುತ್ತದಲ್ಲ, ಹಾಗೆ. ಈ ಪ್ರೋಟೀನ್‌ಗಳಲ್ಲಿ ಏಳನೆಯ ಅಂಶ (ಫ್ಯಾಕ್ಟರ್ 7) ಎಂಬುದು ಸುಮಾರು ಆರು ಗಂಟೆಗಳಲ್ಲಿ ಅರ್ಧಕ್ಕಿಳಿದರೆ, ಪ್ರೋಥ್ರೊಂಬಿನ್ ಎಂಬ ಇನ್ನೊಂದು ಅರ್ಧವಾಗಲು ಎರಡು ದಿನಕ್ಕೂ ಹೆಚ್ಚು ಬೇಕು. ಹಾಗಾಗಿ ಡಿಸ್ಚಾರ್ಜ್ ಹಿಂದಿನ ದಿನ ವೈದ್ಯರು ಬದಲಿಸಿದ ಪ್ರಮಾಣ ತನ್ನ ನಿಜರೂಪ ತೋರಿಸುವುದು ರೋಗಿ ಊರು ಸೇರಿದ ಮೇಲೆ, ಡಾಕ್ಟರೂ ನರ್ಸೂ ಇಲ್ಲದ ಜಾಗದಲ್ಲಿ!

ಊರಿನಲ್ಲಿ ಏನಾಗುತ್ತದೆ? ರಕ್ತ ತುಂಬಲಿ ಎಂಬ ಪ್ರೀತಿಯಿಂದ ದಿನವೂ ಹರಿವೆ, ನುಗ್ಗೆಸೊಪ್ಪು ಬಡಿಸುತ್ತಾರೆ. ಅವುಗಳಲ್ಲಿ ಹೇರಳವಾಗಿರುವ ವಿಟಮಿನ್ ಕೆ ವಾರ್ಫರಿನ್ ಬಲವನ್ನು ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಅಳತೆ ಒಂದೇ ಇದ್ದರೆ ಸಾಕು. ಆದರೆ ಮಂಡಿನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಹೊಟ್ಟೆಯೊಳಗೆ ರಕ್ತ ಸೋರುವಂತೆ ಮಾಡಬಲ್ಲದು. ಹಳೆಯ ಡಬ್ಬಿಯಲ್ಲಿ ಚೀಟಿಯಲ್ಲಿರುವ ಔಷಧವೇ ಬೇರೆ ಕಂಪನಿಯ ಹೆಸರಿನಲ್ಲಿದ್ದರೆ ಎರಡನ್ನೂ ನುಂಗಿಬಿಡುತ್ತಾರೆ.

ಫಾರ್ಮಸಿಸ್ಟ್ ಬೇಕಾಗುವುದು ಇಲ್ಲಿಯೇ. ಚೀಟಿ ನೋಡಿ ಮಾತ್ರೆ ಎಣಿಸಿಕೊಡುವುದಷ್ಟೇ ಅವರ ಕೆಲಸ ಎಂಬ ತಿಳಿವಳಿಕೆ ನನಗೆ ಸಿಟ್ಟು ತರಿಸುತ್ತದೆ. ರೋಗಿಗೆ ತಿಳಿಹೇಳುವುದು ಅವರ ಕರ್ತವ್ಯವೆಂದು ನಮ್ಮ ದೇಶದ 2015ರ ಫಾರ್ಮಸಿ ವೃತ್ತಿ ನಿಯಮಾವಳಿಯೇ ಹೇಳುತ್ತದೆ. ವಾರ್ಡಿನಲ್ಲಿ ವೈದ್ಯರ ಜೊತೆ ನಿಂತು ಕಲಿಯುವ ಫಾರ್ಮ್‌ಡಿ ಪದವಿ 2008ರಿಂದ ಇದೆ. ರೋಗಿ ಮೊದಲು ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದದ್ದು, ವಾರ್ಡಿನಲ್ಲಿ ಕೊಟ್ಟದ್ದು, ಈಗ ಬರೆದದ್ದು ಇಷ್ಟನ್ನೂ ಪಕ್ಕಪಕ್ಕದಲ್ಲಿಟ್ಟು ಅವರು ತಾಳೆ ನೋಡಬೇಕು. ಕಷಾಯ, ನಾಟಿ ಔಷಧಗಳನ್ನು ಗದರದೆ ಕೇಳಿ ತಿಳಿಯಬೇಕು. ಗದರಿದರೆ ಜನ ಮುಚ್ಚಿಡುತ್ತಾರೆ. ರಾತ್ರಿ ಯಾವ ಮಾತ್ರೆ, ಎಷ್ಟು ಎಂದು ರೋಗಿಯ ಬಾಯಿಂದಲೇ ಹೇಳಿಸಬೇಕು. ನಾಲ್ಕೈದು ದಿನಗಳಲ್ಲಿ ಒಂದು ಫೋನ್ ಮಾಡಿ ಒಸಡಿನಲ್ಲಿ ರಕ್ತ, ಕಪ್ಪು ಮಲ ಇದೆಯೇ ಎಂದು ವಿಚಾರಿಸಬೇಕು.

ಇನ್ನು ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ಅಳೆಯುವ ರಕ್ತಪರೀಕ್ಷೆ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಶಿರಸಿಯವರು ಕುಮಟೆಗೆ ಇಳಿಯಲಾರರು. ಆದ್ದರಿಂದ ಊರಿಗೆ ಹತ್ತಿರದ ಲ್ಯಾಬ್ ಯಾವುದು, ಫಲಿತಾಂಶವನ್ನು ಯಾವ ಸಂಖ್ಯೆಗೆ ತಿಳಿಸಬೇಕು ಎಂಬುದನ್ನು ಆಸ್ಪತ್ರೆ ಬಿಡುವ ಮೊದಲೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ.